ಉಪವಾಸ ಮಾಡುವ ಕರುಳು

ನಮ್ಮೆಲ್ಲರ ಹೊಟ್ಟೆಯಲ್ಲಿ ಸುಮಾರು ಎರಡೂವರೆ ಮೀಟರ್ ಉದ್ದದ ಒಂದು ಕರುಳಿದೆ. ಅದರ ಹೆಸರು ಜೆಜುನಂ. ಸಣ್ಣ ಕರುಳಿನ ನಡುವಿನ ಭಾಗ ಅದು. ಜಠರದಿಂದ ಹೊರಟ ಆಹಾರ ಮೊದಲು ಡಿಯೋಡಿನಂಗೆ ಇಳಿಯುತ್ತದೆ. ಆಮೇಲೆ ಜೆಜುನಂ, ಕೊನೆಗೆ ಇಲಿಯಂ. ಅಲ್ಲಿಂದ ಮುಂದೆ ದೊಡ್ಡ ಕರುಳು. ಪಿಯುಸಿಯಲ್ಲಿ ವಿಜ್ಞಾನ ಓದಿದವರೆಲ್ಲ ಈ ಮೂರು ಹೆಸರುಗಳನ್ನು ಬಾಯಿಪಾಠ ಮಾಡಿರುತ್ತಾರೆ. ಪರೀಕ್ಷೆ ಮುಗಿದ ಮೇಲೆ ಮರೆತೂ ಬಿಟ್ಟಿರುತ್ತಾರೆ.

ನಾನು ಕುಮಟಾದಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಜೀರ್ಣಾಂಗಗಳ ಪಾಠ ಬಂದಾಗಲೆಲ್ಲ ಮಕ್ಕಳ ಮುಖ ನೋಡುತ್ತೇನೆ. ಹೃದಯದ ಪಾಠಕ್ಕೆ ಇರುವ ಕುತೂಹಲ ಕರುಳಿನ ಪಾಠಕ್ಕೆ ಇರುವುದಿಲ್ಲ. ಹೆಸರುಗಳು ಬರೀ ಸದ್ದಾಗಿ ಕಿವಿಗೆ ಬೀಳುತ್ತವೆ, ಅರ್ಥವಾಗಿ ಒಳಗೆ ಇಳಿಯುವುದಿಲ್ಲ. ಅದಕ್ಕೇ ಜೆಜುನಂ ಎಂಬ ಒಂದು ಹೆಸರಿನ ಬಗ್ಗೆ ನಿಧಾನವಾಗಿ ಬರೆಯಬೇಕು ಅಂತ ಬಹಳ ಕಾಲದಿಂದ ಅಂದುಕೊಂಡಿದ್ದೆ.

ಜೆಜುನಂ ಲ್ಯಾಟಿನ್ ಪದ. ಲ್ಯಾಟಿನ್‌ನಲ್ಲಿ 'ಯೆಯೂನುಸ್' ಅಂದರೆ ಉಪವಾಸ ಇರುವವನು, ಹಸಿದವನು, ಬರಿಹೊಟ್ಟೆಯಲ್ಲಿರುವವನು. ಹಾಗಾಗಿ ಜೆಜುನಂ ಅಂದರೆ ಉಪವಾಸ ಇರುವ ಕರುಳು. ದಿನಕ್ಕೆ ಮೂರು ಹೊತ್ತು ಉಣ್ಣುವ ಮನುಷ್ಯನ ಹೊಟ್ಟೆಯ ನಟ್ಟನಡುವೆ ಉಪವಾಸದ ಹೆಸರು ಹೊತ್ತ ಅಂಗ. ಯಾಕೆ ಈ ಹೆಸರು ಬಂತು?

ಸಾಮಾನ್ಯವಾಗಿ ಸಿಗುವ ಉತ್ತರ ಹೀಗಿದೆ: ಹಿಂದಿನವರು ಸತ್ತ ದೇಹಗಳನ್ನು ಕೊಯ್ದು ನೋಡಿದಾಗ ಈ ಭಾಗ ಖಾಲಿ ಇರುತ್ತಿತ್ತು, ಅದಕ್ಕೆ ಈ ಹೆಸರು. ಇದು ಸರಿಯೇ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಕಥೆ ಮಾತ್ರ ಹೇಳಿದ ಹಾಗೆ. ಉಳಿದರ್ಧವನ್ನು ಸುಮಾರು 2000 ವರ್ಷಗಳ ಹಿಂದೆಯೇ ಒಬ್ಬ ಬರೆದಿಟ್ಟಿದ್ದಾನೆ. ಅವನ ಹೆಸರು ಸೆಲ್ಸಸ್. ರೋಮ್ ಸಾಮ್ರಾಜ್ಯದಲ್ಲಿ, ಕ್ರಿಸ್ತಶಕ ಮೊದಲನೇ ಶತಮಾನದಲ್ಲಿ ಇದ್ದವನು. ಅವನು ವೈದ್ಯನೋ ಅಥವಾ ಎಲ್ಲ ವಿದ್ಯೆಗಳ ಬಗ್ಗೆ ಬರೆದ ಪಂಡಿತನೋ ಎಂಬ ಚರ್ಚೆ ಇನ್ನೂ ಇದೆ. ವೈದ್ಯದ ಬಗ್ಗೆ ಅವನು ಲ್ಯಾಟಿನ್‌ನಲ್ಲಿ ಬರೆದ ಎಂಟು ಭಾಗಗಳು ಉಳಿದುಕೊಂಡು, 1478ರಲ್ಲಿ ಫ್ಲಾರೆನ್ಸ್‌ನಲ್ಲಿ ಅಚ್ಚಾದವು. ಗಾಯ ಬಾತುಕೊಂಡಾಗ ಕಾಣುವ ನಾಲ್ಕು ಲಕ್ಷಣಗಳು, ಅಂದರೆ ಕೆಂಪು, ಊತ, ಬಿಸಿ, ನೋವು, ಇವನ್ನು ಒಟ್ಟಿಗೆ ಹೇಳಿದವನೂ ಅವನೇ. ಇವತ್ತಿಗೂ ಮೆಡಿಕಲ್ ಓದುವವರು ಆ ನಾಲ್ಕನ್ನು ಅದೇ ಲ್ಯಾಟಿನ್ ಪದಗಳಲ್ಲಿ ಕಲಿಯುತ್ತಾರೆ.

ಈ ಕರುಳಿನ ಬಗ್ಗೆ ಸೆಲ್ಸಸ್ ಬರೆದ ಮಾತಿನ ಸಾರ ಇಷ್ಟು. ತನಗೆ ಬಂದದ್ದನ್ನು ಇದು ಯಾವತ್ತೂ ಇಟ್ಟುಕೊಳ್ಳುವುದಿಲ್ಲ, ಕೂಡಲೇ ಕೆಳಗಿನ ಭಾಗಗಳಿಗೆ ದಾಟಿಸಿಬಿಡುತ್ತದೆ, ಅದಕ್ಕೇ ಈ ಹೆಸರು.

ಇದನ್ನು ಮೊದಲ ಸಲ ಓದಿದಾಗ ನನಗೆ ರೋಮಾಂಚನವಾಯಿತು. ಏನೂ ಸಿಗದೆ ಖಾಲಿ ಇರುವುದು ಒಂದು. ಸಿಕ್ಕಿದ್ದನ್ನೆಲ್ಲ ದಾಟಿಸಿ ಖಾಲಿಯಾಗುವುದು ಇನ್ನೊಂದು. ಸೆಲ್ಸಸ್ ಹೇಳಿದ್ದು ಎರಡನೆಯದನ್ನು. ಸೂಕ್ಷ್ಮದರ್ಶಕ ಇಲ್ಲ, ಎಕ್ಸ್‌ರೇ ಇಲ್ಲ, ರಕ್ತ ಪರಿಚಲನೆ ಹೇಗೆ ಅಂತಲೂ ಗೊತ್ತಿಲ್ಲದ ಕಾಲ ಅದು. ಆದರೂ ಖಾಲಿ ಕರುಳು ನೋಡಿ, ಇದು ಕೆಲಸ ಮಾಡಿ ಖಾಲಿಯಾಗಿದೆ ಅಂತ ಹೊಳೆದಿದೆ.

ಹೆಸರು ಮಾತ್ರ ಲ್ಯಾಟಿನ್‌ನಲ್ಲೇ ಹುಟ್ಟಿದ್ದಲ್ಲ. ಗ್ರೀಕರು ಅದಕ್ಕೂ ಮೊದಲೇ ಈ ಭಾಗವನ್ನು 'ನೇಸ್ಟಿಸ್' ಅನ್ನುತ್ತಿದ್ದರು. ಅದರ ಅರ್ಥವೂ ಉಪವಾಸ ಇರುವುದು ಅಂತಲೇ. ಕ್ರಿಸ್ತಪೂರ್ವ 4ನೇ ಶತಮಾನದ ಅರಿಸ್ಟಾಟಲ್ ಪ್ರಾಣಿಗಳ ಅಂಗಗಳ ಬಗ್ಗೆ ಬರೆಯುವಾಗ ಈ ಪದ ಬಳಸಿದ್ದಾನೆ. ಅವನು ಮನುಷ್ಯರ ದೇಹ ಕೊಯ್ದವನಲ್ಲ, ಪ್ರಾಣಿಗಳನ್ನು ಕೊಯ್ದು ನೋಡಿದವನು. ಲೆಸ್ಬೋಸ್ ಎಂಬ ದ್ವೀಪದಲ್ಲಿದ್ದಾಗ ಸಮುದ್ರದ ಜೀವಿಗಳನ್ನು ತುಂಬ ಗಮನಿಸಿದ. ಮೀನುಗಳ ಜಠರದ ಹತ್ತಿರ ಸಣ್ಣ ಸಣ್ಣ ಕವಲುಗಳು ಇರುತ್ತವೆ ಎಂದೂ ಬರೆದಿಟ್ಟ.

ನಮ್ಮ ಕರಾವಳಿಯವರಿಗೆ ಅದನ್ನು ನೋಡಲು ಗ್ರಂಥವೇನೂ ಬೇಕಾಗಿಲ್ಲ. ಬಂಗಡೆಯನ್ನು ಮೆಟ್ಟುಗತ್ತಿಗೆ ಕೊಟ್ಟು ಹೊಟ್ಟೆ ಸೀಳಿದರೆ, ಜಠರ ಮುಗಿದು ಕರುಳು ಶುರುವಾಗುವ ಕಡೆ ಎಳೆಎಳೆಯಾಗಿ ಸಣ್ಣ ಕೊಳವೆಗಳ ಒಂದು ಗೊಂಚಲು ಕಾಣುತ್ತದೆ. ಒಂದು ತುದಿ ಮುಚ್ಚಿದ ಕೊಳವೆಗಳು. ಮೀನಿಗೆ ಆಹಾರ ಅರಗಿಸಿ ಹೀರಿಕೊಳ್ಳಲು ಬೇಕಾದ ಹೆಚ್ಚುವರಿ ಜಾಗ ಅದು. ನಮ್ಮ ಕಾಲೇಜಿನ ಎಷ್ಟೋ ಮಕ್ಕಳು ಮನೆಯಲ್ಲಿ ಮೀನು ಕೊಯ್ಯುವುದನ್ನು ದಿನಾ ನೋಡಿ ಬೆಳೆದವರು. "ಅದನ್ನ ನಾವು ಸುಮ್ನೆ ಕಿತ್ತು ಬೆಕ್ಕಿಗೆ ಹಾಕ್ತೇವೆ ಮೇಡಂ" ಅಂತ ಹೇಳುತ್ತಾರೆ. ಒಮ್ಮೆ ಬಿಡಿಸಿ ನೋಡಿ ಅಂದರೆ ಮರುದಿನ ಚಿತ್ರ ಬರೆದುಕೊಂಡು ಬರುವವರೂ ಇದ್ದಾರೆ. ಅಂಥ ಚಿತ್ರ ನನಗೆ ಪುಸ್ತಕದ ಚಿತ್ರಕ್ಕಿಂತ ಹೆಚ್ಚು.

ಮನುಷ್ಯರ ದೇಹವನ್ನೇ ಕೊಯ್ದು ನೋಡುವ ಕೆಲಸ ಗ್ರೀಕರಲ್ಲಿ ನಡೆದದ್ದು ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ, ಕ್ರಿಸ್ತಪೂರ್ವ 3ನೇ ಶತಮಾನದ ಹೊತ್ತಿಗೆ. ಹೆರೋಫಿಲಸ್ ಎಂಬ ವೈದ್ಯ ಜಠರದ ಪಕ್ಕದ ಮೊದಲ ತುಂಡು ಕರುಳನ್ನು ಅಳೆದು, ಅದು 12 ಬೆರಳಿನಷ್ಟಿದೆ ಎಂದ. ಹಾಗೆಯೇ ಹೆಸರಿಟ್ಟ. ಗ್ರೀಕಿನ ಆ 'ಹನ್ನೆರಡು ಬೆರಳು' ಮುಂದೆ ಲ್ಯಾಟಿನ್‌ಗೆ ಬಂದು ಡಿಯೋಡಿನಂ ಆಯಿತು. ಲ್ಯಾಟಿನ್‌ನಲ್ಲಿ ಡುವೋಡೆಸಿಮ್ ಅಂದರೆ 12.

ಇಲ್ಲಿ ನಾನು ಮಕ್ಕಳಿಗೆ ಒಂದು ಕೆಲಸ ಕೊಡುತ್ತೇನೆ. ಡೆಸ್ಕಿನ ಮೇಲೆ ನಾಲ್ಕು ಬೆರಳು ಜೋಡಿಸಿ ಅಡ್ಡ ಇಡಿ, ಗುರುತು ಹಾಕಿ. ಅದರ ಪಕ್ಕಕ್ಕೆ ಮತ್ತೆ ನಾಲ್ಕು, ಮತ್ತೆ ನಾಲ್ಕು. ಈಗ ಹನ್ನೆರಡು ಬೆರಳಾಯಿತು. ಅದರ ಮೇಲೆ ನಿಮ್ಮ ಗೇಣು ಇಟ್ಟು ನೋಡಿ. ಹೆಚ್ಚುಕಡಿಮೆ ಸರಿಯಾಗಿ ಕೂರುತ್ತದೆ. ಯಾಕೆಂದರೆ ನಮ್ಮ ಹಳೆಯ ಅಳತೆಯಲ್ಲೂ ಅದೇ ಲೆಕ್ಕ. ಬೆರಳಿನ ಅಗಲ ಒಂದು ಅಂಗುಲ. 12 ಅಂಗುಲ ಸೇರಿದರೆ ಒಂದು ಗೇಣು, 24 ಸೇರಿದರೆ ಒಂದು ಮೊಳ. ಇವತ್ತಿನ ಪುಸ್ತಕಗಳಲ್ಲಿ ಡಿಯೋಡಿನಂ ಉದ್ದ ಸುಮಾರು 25 ಸೆಂಟಿಮೀಟರ್ ಅಂತ ಇರುತ್ತದೆ. ಅಲೆಕ್ಸಾಂಡ್ರಿಯಾದ ಆ ವೈದ್ಯನ ಬೆರಳಿಗೂ ನಮ್ಮ ಮಕ್ಕಳ ಬೆರಳಿಗೂ ಏನೂ ವ್ಯತ್ಯಾಸ ಇಲ್ಲ, ಅಲ್ವಾ? 'ಗೇಣು ಹೊಟ್ಟೆಗಾಗಿ ದುಡಿಯುವುದು' ಅಂತ ನಾವು ಹೇಳುವ ಮಾತು ಈ ತರಗತಿಯಲ್ಲಿ ಮಕ್ಕಳ ಬಾಯಿಂದ ತಾನಾಗಿಯೇ ಬರುತ್ತದೆ.

ಎಲ್ಲ ಹೆಸರುಗಳೂ ಇಷ್ಟು ಸರಿಯಾಗಿಲ್ಲ. ಕೊನೆಯ ಭಾಗಕ್ಕೆ ರೆಕ್ಟಂ ಅನ್ನುತ್ತಾರೆ, ಅಂದರೆ ನೇರವಾದದ್ದು. ಮನುಷ್ಯರಲ್ಲಿ ಅದು ನೇರ ಇಲ್ಲ, ಬಾಗಿದೆ. ಕ್ರಿಸ್ತಶಕ 2ನೇ ಶತಮಾನದ ಗ್ರೀಕ್ ವೈದ್ಯ ಗೇಲನ್‌ನಂಥವರು ಮಂಗ, ಹಂದಿಗಳನ್ನು ಕೊಯ್ದು ಕಲಿತವರು. ಪ್ರಾಣಿಯಲ್ಲಿ ಕಂಡದ್ದು ಮನುಷ್ಯನ ಮೈಗೂ ಅಂಟಿಕೊಂಡಿತು. ಇಂಥವನ್ನು ತಿದ್ದುವ ಕೆಲಸ 1543ರಲ್ಲಿ ವೆಸಾಲಿಯಸ್ ಮನುಷ್ಯ ದೇಹದ ರಚನೆಯ ಬಗ್ಗೆ ದೊಡ್ಡ ಗ್ರಂಥ ಹೊರತಂದ ಮೇಲೆ ಜೋರಾಯಿತು. ಆದರೆ ಹೆಸರುಗಳು ಹಾಗೇ ಉಳಿದವು. 19ನೇ ಶತಮಾನದ ಕೊನೆಗೆ ಒಂದೊಂದು ಅಂಗಕ್ಕೂ ಹತ್ತಾರು ಹೆಸರಾಗಿ, ಒಟ್ಟು ಸಂಖ್ಯೆ ಸುಮಾರು 50,000 ತಲುಪಿತ್ತು. 1895ರಲ್ಲಿ ಬಾಸೆಲ್ ನಗರದಲ್ಲಿ ಅಂಗರಚನಾ ಶಾಸ್ತ್ರಜ್ಞರು ಕೂತು ಅದನ್ನು ಸುಮಾರು 5,000ಕ್ಕೆ ಇಳಿಸಿದರು. ಅಷ್ಟು ಹೆಸರುಗಳನ್ನು ಕಿತ್ತುಹಾಕಿದಾಗಲೂ ಜೆಜುನಂ ಉಳಿಯಿತು.

ಈ ಹೆಸರಿನಲ್ಲಿ ನನಗೆ ತುಂಬ ಇಷ್ಟವಾಗುವ ವಿಷಯ ಇನ್ನೊಂದಿದೆ. ಅದು ಹೋದಲ್ಲೆಲ್ಲ ಸದ್ದಾಗಿ ಹೋಗಲಿಲ್ಲ, ಅರ್ಥವಾಗಿ ಹೋಯಿತು. ರೋಮನರು ಗ್ರೀಕ್ ಪದವನ್ನು ಹಾಗೇ ಎತ್ತಿಕೊಳ್ಳಲಿಲ್ಲ. ಉಪವಾಸಕ್ಕೆ ತಮ್ಮಲ್ಲಿ ಇದ್ದ ಪದವನ್ನೇ ಇಟ್ಟರು. 9ನೇ ಶತಮಾನದಲ್ಲಿ ಬಾಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್ಹಾಕ್ ಎಂಬ ಕ್ರೈಸ್ತ ವಿದ್ವಾಂಸ ಮತ್ತು ಅವನ ಬಳಗದವರು ಗೇಲನ್‌ನ ಗ್ರೀಕ್ ಗ್ರಂಥಗಳನ್ನು ಸಿರಿಯಾಕ್‌ಗೂ ಅರಬ್ಬಿಗೂ ತಂದರು. ಅರಬ್ಬಿಯಲ್ಲಿ ಈ ಕರುಳಿಗೆ 'ಸಾಯಿಮ್' ಎಂಬ ಹೆಸರಾಯಿತು. 'ಸೌಮ್' ಅಂದರೆ ಉಪವಾಸ ವ್ರತ, 'ಸಾಯಿಮ್' ಅಂದರೆ ಉಪವಾಸ ಹಿಡಿದವನು. ಇಬ್ನ್ ಸೀನಾ 11ನೇ ಶತಮಾನದ ತನ್ನ ವೈದ್ಯ ಗ್ರಂಥದಲ್ಲಿ ಬಳಸಿದ್ದೂ ಇದೇ ಹೆಸರನ್ನು. ಡಿಯೋಡಿನಂಗೆ ಅರಬ್ಬಿಯಲ್ಲಿ 'ಹನ್ನೆರಡರದ್ದು' ಅಂತಲೇ ಅನ್ನುತ್ತಾರೆ. 12ನೇ ಶತಮಾನದಲ್ಲಿ ಸ್ಪೇನಿನ ಟೊಲೆಡೊದಲ್ಲಿ ಕೂತು ಇಟಲಿಯ ಜೆರಾರ್ಡ್ ಎಂಬ ವಿದ್ವಾಂಸ ಇಬ್ನ್ ಸೀನಾನ ಗ್ರಂಥವನ್ನು ಲ್ಯಾಟಿನ್‌ಗೆ ತಿರುಗಿಸಿದ. ಯುರೋಪಿನ ವೈದ್ಯರು ಮುಂದೆ ನೂರಾರು ವರ್ಷ ಅದನ್ನೇ ಓದಿದರು.

ಭಟ್ಕಳದಿಂದ ಬರುವ ನಮ್ಮ ವಿದ್ಯಾರ್ಥಿಗಳಿಗೆ ಸಾಯಿಮ್ ಪದವನ್ನು ವಿವರಿಸಬೇಕಾಗಿಲ್ಲ. ಅವರೇ ಉಳಿದವರಿಗೆ ವಿವರಿಸುತ್ತಾರೆ. ರಂಜಾನ್ ತಿಂಗಳಲ್ಲಿ ಈ ಪಾಠ ಬಂದರೆ ತರಗತಿಯಲ್ಲಿ ಒಂದು ಬೇರೆಯೇ ಬಿಸಿ ಇರುತ್ತದೆ.

ಲ್ಯಾಟಿನ್ ಕಡೆಯ ಎಳೆಯೂ ನಮ್ಮ ಕರಾವಳಿಗೆ ಬಂದಿದೆ. ಪೋರ್ಚುಗೀಸ್ ಭಾಷೆಯಲ್ಲಿ ಉಪವಾಸಕ್ಕೆ 'ಜೆಜುಮ್' ಅನ್ನುತ್ತಾರೆ. ಜೆಜುನಂ ಹುಟ್ಟಿದ ಅದೇ ಬೇರಿನ ಪದ. ಕಾರವಾರದ ದಕ್ಷಿಣಕ್ಕೆ ಬಿಣಗಾ, ಅರ್ಗಾ ಕಡೆ ಸಮುದ್ರದಲ್ಲಿ ಅಂಜದೀವ್ ದ್ವೀಪ ಇದೆಯಲ್ಲ, ಅಲ್ಲಿಗೆ ವಾಸ್ಕೊ ಡ ಗಾಮಾ 1498ರಲ್ಲೇ ಬಂದಿದ್ದ. 1505ರಲ್ಲಿ ಪೋರ್ಚುಗೀಸರು ಅಲ್ಲಿ ಕೋಟೆ ಕಟ್ಟಲು ತೊಡಗಿದರು. ಆ ಸೈನಿಕರೂ ಪಾದ್ರಿಗಳೂ ಈಸ್ಟರ್‌ಗೆ ಮೊದಲಿನ ತಪಸ್ಸು ಕಾಲ ಬಂದಾಗ 'ಜೆಜುಮ್' ಎಂದೇ ಹೇಳಿರುತ್ತಾರೆ. ಚರ್ಚಿನ ಪೂಜೆ ಲ್ಯಾಟಿನ್‌ನಲ್ಲಿ ನಡೆಯುತ್ತಿದ್ದ 1960ರ ದಶಕದವರೆಗೂ ಕಾರವಾರ, ಹೊನ್ನಾವರದ ಇಗರ್ಜಿಗಳಲ್ಲಿ ಉಪವಾಸದ ಲ್ಯಾಟಿನ್ ಪದ ಕಿವಿಗೆ ಬೀಳುತ್ತಿದ್ದಿರಬೇಕು. ಹೊಟ್ಟೆಯೊಳಗಿನ ಒಂದು ಕರುಳಿಗೂ ಅದೇ ಹೆಸರು ಅಂತ ಅಲ್ಲಿ ಮಂಡಿಯೂರಿದ್ದ ಎಷ್ಟು ಜನರಿಗೆ ಗೊತ್ತಿತ್ತೋ.

ಇದೇ ಬೇರಿನಿಂದ ಊಟದ ಹೆಸರುಗಳೂ ಹುಟ್ಟಿವೆ. ಫ್ರೆಂಚ್‌ನ 'ದೆಜೊನೆ', ಸ್ಪ್ಯಾನಿಷ್‌ನ 'ದೆಸಾಯುನೊ', ಎರಡರ ಮೂಲ ಅರ್ಥವೂ ಉಪವಾಸ ಮುರಿಯುವುದು. ನಮ್ಮಲ್ಲಿ ದ್ವಾದಶಿಯ ಬೆಳಿಗ್ಗೆ ಮಾಡುವ ಪಾರಣೆ ಇದಕ್ಕೆ ಹತ್ತಿರ. ವ್ಯತ್ಯಾಸ ಇಷ್ಟೇ, ನಮಗೆ ಪಾರಣೆ ವ್ರತಕ್ಕೆ ಮಾತ್ರ. ಅವರಿಗೆ ಪ್ರತಿ ಬೆಳಗಿನ ತಿಂಡಿಯೂ ಪಾರಣೆಯೇ.

ಈಗ ಆ ಕರುಳು ನಿಜಕ್ಕೂ ಏನು ಮಾಡುತ್ತದೆ ಎಂಬ ವಿಷಯಕ್ಕೆ ಬರುತ್ತೇನೆ. ಹೆಸರು ಉಪವಾಸ, ಆದರೆ ನಾವು ಉಂಡದ್ದರ ಬಹುಪಾಲು ರಕ್ತಕ್ಕೆ ಸೇರುವುದು ಇಲ್ಲೇ. ಅನ್ನದ ಪಿಷ್ಟ ಒಡೆದು ಬಂದ ಸಕ್ಕರೆ, ಬೇಳೆ ಮೀನುಗಳ ಪ್ರೋಟೀನ್ ಒಡೆದು ಬಂದ ಅಮೈನೋ ಆಮ್ಲಗಳು, ತೆಂಗಿನೆಣ್ಣೆಯ ಕೊಬ್ಬು, ಇವೆಲ್ಲವನ್ನೂ ಹೆಚ್ಚಾಗಿ ಹೀರಿಕೊಳ್ಳುವುದು ಜೆಜುನಂ. ಒಳಗೋಡೆ ಅಡ್ಡಡ್ಡವಾಗಿ ಮಡಿಕೆ ಮಡಿಕೆಯಾಗಿದೆ. 17ನೇ ಶತಮಾನದಲ್ಲಿ ಆಮ್‌ಸ್ಟರ್‌ಡ್ಯಾಮಿನ ಕೆರ್ಕ್ರಿಂಗ್ ಎಂಬ ವೈದ್ಯ ಇವನ್ನು ವಿವರಿಸಿದ್ದರಿಂದ ಅವನ ಹೆಸರಿನಿಂದಲೂ ಕರೆಯುತ್ತಾರೆ. ಮಡಿಕೆಗಳ ಮೇಲೆ ಒಂದು ಮಿಲಿಮೀಟರ್‌ಗೂ ಗಿಡ್ಡದ ವಿಲ್ಲೈಗಳು, ಅಂದರೆ ಬೆರಳಿನಂಥ ಚಾಚುಗಳು. ಒಂದೊಂದು ಚಾಚಿನ ಜೀವಕೋಶಗಳ ಮೇಲೂ ಕಣ್ಣಿಗೆ ಕಾಣದ ಇನ್ನೂ ಸಣ್ಣ ಚಾಚುಗಳು. ಈ ಜೀವಕೋಶಗಳ ಪದರ ನಾಲ್ಕೈದು ದಿನಕ್ಕೊಮ್ಮೆ ಪೂರ್ತಿ ಹೊಸದಾಗುತ್ತದೆ.

ಕರುಳನ್ನು ಹರಡಿದರೆ ಟೆನಿಸ್ ಅಂಗಳದಷ್ಟಾಗುತ್ತದೆ ಅಂತ ಹಳೆಯ ಪುಸ್ತಕಗಳಲ್ಲಿ ಓದಿರುತ್ತೀರಿ. 2014ರಲ್ಲಿ ಸ್ವೀಡನ್ನಿನ ಇಬ್ಬರು ಸಂಶೋಧಕರು ಮತ್ತೆ ಅಳೆದು, ಜೀರ್ಣನಾಳದ ಒಳಮೈ ಸುಮಾರು 32 ಚದರ ಮೀಟರ್ ಎಂದರು. ಬ್ಯಾಡ್ಮಿಂಟನ್ ಅಂಗಳದ ಅರ್ಧದಷ್ಟು. ನಾನು ಈಗ ತರಗತಿಯಲ್ಲಿ ಈ ಲೆಕ್ಕವನ್ನೇ ಹೇಳುತ್ತೇನೆ. ಇದೇನು ಕಡಿಮೆಯಾ? ಒಬ್ಬ ಮನುಷ್ಯನ ಹೊಟ್ಟೆಯಲ್ಲಿ ಅಷ್ಟು ಜಾಗ!

ನಮ್ಮಲ್ಲಿ ಓದಿ ಕಾರವಾರದ ಮೆಡಿಕಲ್ ಕಾಲೇಜಿಗೆ ಸೇರಿದ ಒಬ್ಬ ಹುಡುಗಿ ಮೊದಲ ವರ್ಷದಲ್ಲಿ ಫೋನ್ ಮಾಡಿದ್ದಳು. ಹೊಟ್ಟೆಯ ಭಾಗದ ಡಿಸೆಕ್ಷನ್ ಆಗ ತಾನೇ ಮುಗಿದಿತ್ತು. "ಮೇಡಂ, ಕೈಯಲ್ಲಿ ಮುಟ್ಟಿದ್ರೇ ಗೊತ್ತಾಗ್ತದೆ, ಜೆಜುನಂ ದಪ್ಪ ಇರ್ತದೆ, ಇಲಿಯಂ ತೆಳು" ಅಂದಳು. ಕರುಳನ್ನು ಹಿಡಿದಿಟ್ಟ ಪೊರೆಯನ್ನು ಬೆಳಕಿಗೆ ಹಿಡಿದರೆ ಜೆಜುನಂ ಕಡೆ ರಕ್ತನಾಳಗಳ ನಡುವೆ ಕಿಟಕಿಯ ಹಾಗೆ ತಿಳಿಯಾಗಿ ಕಾಣುತ್ತದೆ, ಇಲಿಯಂ ಕಡೆ ಕೊಬ್ಬು ತುಂಬಿ ಮಸುಕಾಗಿರುತ್ತದೆ ಅಂತ ಹೇಳುತ್ತಾ ಹೋದಳು. ಜೀವಂತ ದೇಹದಲ್ಲಿ ಶಸ್ತ್ರಚಿಕಿತ್ಸೆ ಮಾಡುವವರು ಅದರ ಕೆಂಪನ್ನೂ ನೋಡುತ್ತಾರೆ. ಹೀರಿಕೊಳ್ಳುವ ಕೆಲಸ ಜಾಸ್ತಿ ಇರುವಲ್ಲಿ ರಕ್ತವೂ ಜಾಸ್ತಿ. ನಾನು ಪುಸ್ತಕದಿಂದ ಹೇಳಿಕೊಟ್ಟದ್ದನ್ನು ಅವಳು ಕೈಯಾರೆ ಮುಟ್ಟಿ ನನಗೇ ಹೇಳುತ್ತಿದ್ದಳು. ಆ ದೇಹವನ್ನು ಕೊಟ್ಟವರ ಬಗ್ಗೆ ಅವಳಿಗಿದ್ದ ಗೌರವ ಮಾತಿನಲ್ಲಿ ಗೊತ್ತಾಗುತ್ತಿತ್ತು.

ಆಯುರ್ವೇದ ಈ ಜಾಗವನ್ನು ನೋಡಿದ ರೀತಿ ಬೇರೆ. ಅಲ್ಲಿ ಗ್ರಹಣಿ ಎಂಬ ಅಂಗ ಇದೆ. ಅರಗದ ಅನ್ನ ಇರುವ ಆಮಾಶಯ ಮತ್ತು ಅರಗಿದ್ದು ಸೇರುವ ಪಕ್ವಾಶಯದ ನಡುವೆ, ಜಠರಾಗ್ನಿಯ ನೆಲೆ ಅದು. ಅನ್ನವನ್ನು ಹಿಡಿದಿಡುವುದರಿಂದ ಗ್ರಹಣಿ ಎಂದು ಚರಕ ಸಂಹಿತೆ ಹೇಳುತ್ತದೆ. ಹಸಿ ಅನ್ನವನ್ನು ಹಿಡಿದಿಟ್ಟು, ಪಕ್ವವಾದದ್ದನ್ನು ಮುಂದೆ ಬಿಡುತ್ತದೆ. ಅದರ ಬಲ ಕೆಟ್ಟರೆ ಅನ್ನ ಅರಗದೆ ಹೊರಗೆ ಹೋಗುತ್ತದೆ, ಆ ರೋಗಕ್ಕೂ ಗ್ರಹಣಿ ಎಂದೇ ಹೆಸರು. ಗ್ರಹಣಿ ಅಂದರೆ ಡಿಯೋಡಿನಂ ಎಂದು ಕೆಲವರು, ಸಣ್ಣ ಕರುಳು ಪೂರ್ತಿ ಎಂದು ಕೆಲವರು ಹೇಳುತ್ತಾರೆ. ಹೀಗೆ ಒಂದನ್ನು ಇನ್ನೊಂದರ ಮೇಲೆ ಕೂರಿಸಲು ನನಗೆ ಅಷ್ಟು ಮನಸ್ಸಿಲ್ಲ. ಗ್ರೀಕರೂ ರೋಮನರೂ ಸತ್ತ ದೇಹದ ಖಾಲಿ ಕರುಳಿನಿಂದ ಹೆಸರು ಕಟ್ಟಿದರು. ನಮ್ಮವರು ಬದುಕಿರುವವನ ಅರಗುವಿಕೆಯಿಂದ ಕಟ್ಟಿದರು. ಎರಡೂ ಕಡೆಯವರು ಕಣ್ಣಿಟ್ಟು ನೋಡಿದ್ದಾರೆ, ಅದು ನನಗೆ ಮುಖ್ಯ.

ಹೀರಿಕೊಳ್ಳುವುದು ನಿಂತರೆ ಏನಾಗುತ್ತದೆ ಅಂತ ನೋಡಬೇಕಾದರೆ ನೀರಿನ ಲೆಕ್ಕ ನೋಡಬೇಕು. ನಾವು ದಿನಕ್ಕೆ ಕುಡಿಯುವುದು ಸುಮಾರು 2 ಲೀಟರ್. ಅದಕ್ಕೆ ಎಂಜಲು, ಜಠರ ರಸ, ಪಿತ್ತ ರಸ, ಮೇದೋಜೀರಕ ರಸ, ಕರುಳಿನದೇ ರಸ ಎಲ್ಲ ಸೇರಿ ದಿನಕ್ಕೆ 8-9 ಲೀಟರ್ ದ್ರವ ಸಣ್ಣ ಕರುಳಿಗೆ ಬರುತ್ತದೆ. ಅದರಲ್ಲಿ ಒಂದೂವರೆ ಲೀಟರ್‌ನಷ್ಟು ಬಿಟ್ಟು ಉಳಿದದ್ದೆಲ್ಲ ಸಣ್ಣ ಕರುಳಿನಲ್ಲೇ ವಾಪಸ್ ರಕ್ತಕ್ಕೆ ಸೇರುತ್ತದೆ. ಕಾಲರಾದಂಥ ಭೇದಿ ಬಂದಾಗ ಈ ಲೆಕ್ಕ ತಿರುಗಾಮುರುಗಾ ಆಗಿ, ಕೆಲವೇ ಗಂಟೆಗಳಲ್ಲಿ ಮನುಷ್ಯ ಒಣಗಿಹೋಗುತ್ತಾನೆ.

ಆದರೆ ಕಾಲರಾದಲ್ಲೂ ಒಂದು ಬಾಗಿಲು ತೆರೆದೇ ಇರುತ್ತದೆ. ಕರುಳಿನ ಜೀವಕೋಶಗಳು ಸಕ್ಕರೆಯನ್ನು ಒಳಗೆ ತೆಗೆದುಕೊಳ್ಳುವಾಗ ಜೊತೆಗೆ ಉಪ್ಪಿನ ಸೋಡಿಯಂ ಅನ್ನೂ ತೆಗೆದುಕೊಳ್ಳುತ್ತವೆ. ಅವೆರಡರ ಹಿಂದೆ ನೀರೂ ಬರುತ್ತದೆ. ಸಕ್ಕರೆ ಮತ್ತು ಸೋಡಿಯಂ ಹೀಗೆ ಜೊತೆಯಾಗಿ ಹೋಗುತ್ತವೆ ಎಂದು 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಪ್ರಾಗ್‌ನ ಒಂದು ಸಭೆಯಲ್ಲಿ ಮಂಡಿಸಿದರು. ಹನ್ನೊಂದು ವರ್ಷದ ಮೇಲೆ, 1971ರಲ್ಲಿ, ಬಾಂಗ್ಲಾ ಯುದ್ಧದಿಂದ ಓಡಿಬಂದ ನಿರಾಶ್ರಿತರ ನಡುವೆ ಬಂಗಾಳದ ಬನ್‌ಗಾಂವ್‌ನಲ್ಲಿ ಕಾಲರಾ ಹಬ್ಬಿತು. ನರಕ್ಕೆ ಏರಿಸುವ ಡ್ರಿಪ್ ಸಾಕಾಗಲಿಲ್ಲ. ಡಾಕ್ಟರ್ ದಿಲೀಪ್ ಮಹಲನಾಬಿಸ್ ಉಪ್ಪು, ಸಕ್ಕರೆ, ಅಡಿಗೆ ಸೋಡಾ ಕಲಸಿದ ನೀರನ್ನು ಕುಡಿಸಲು ಶುರು ಮಾಡಿದರು. ಮನೆಯವರೇ ಕುಡಿಸಿದರು. ನೂರರಲ್ಲಿ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಅವರು 2022ರಲ್ಲಿ ತೀರಿಕೊಂಡರು. ಮರುವರ್ಷ ಮರಣೋತ್ತರವಾಗಿ ಪದ್ಮವಿಭೂಷಣ ಬಂತು. ಇಂಥವರಿಗೆ ಬದುಕಿದ್ದಾಗಲೇ ಮನೆಮನೆಯ ಪರಿಚಯ ಇರಬೇಕಿತ್ತು ಅಂತ ನನಗೆ ಬಲವಾಗಿ ಅನಿಸುತ್ತದೆ.

ಭೇದಿಯಾದಾಗ ಕುಡಿಸುವ ಈ ಉಪ್ಪು-ಸಕ್ಕರೆ ನೀರಿಗೇ ಓಆರ್‌ಎಸ್ ಅನ್ನುವುದು. ಮನೆಯಲ್ಲಿ ಮಾಡುವುದಾದರೆ ಒಂದು ಲೀಟರ್ ಶುದ್ಧ ನೀರಿಗೆ, ಗುಡ್ಡೆ ಮಾಡದೆ ಸಮಕ್ಕೆ ತುಂಬಿದ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಅಂದರೆ ಟೀ ಚಮಚ. ಇದನ್ನು ನನ್ನ ಎಲ್ಲ ವಿದ್ಯಾರ್ಥಿಗಳಿಗೂ ಬರೆಸುತ್ತೇನೆ, ಪರೀಕ್ಷೆಗೆ ಬರಲಿ ಬಿಡಲಿ. ನಮ್ಮ ಮನೆಗಳಲ್ಲಿ ಹೊಟ್ಟೆ ಕೆಟ್ಟಾಗ ಕುಚಲಕ್ಕಿ ಗಂಜಿಯ ತಿಳಿಗೆ ಉಪ್ಪು ಹಾಕಿ ಕೊಡುತ್ತಾರಲ್ಲ, ಅದರ ಹಿಂದೆಯೂ ಇದೇ ಬಾಗಿಲಿದೆ. ಅಕ್ಕಿಯ ಪಿಷ್ಟ ಕರುಳಿನಲ್ಲಿ ನಿಧಾನವಾಗಿ ಒಡೆದು ಸಕ್ಕರೆಯಾಗುತ್ತದೆ, ಅದರ ಜೊತೆ ಉಪ್ಪು, ಅದರ ಹಿಂದೆ ನೀರು. ಅಕ್ಕಿಯಿಂದ ಮಾಡಿದ ಓಆರ್‌ಎಸ್ ಕಾಲರಾ ರೋಗಿಗಳ ಭೇದಿಯನ್ನು ಕಡಿಮೆ ಮಾಡುತ್ತದೆ ಎಂದು ವೈದ್ಯರೂ ಪರೀಕ್ಷಿಸಿ ನೋಡಿದ್ದಾರೆ. ಉಪ್ಪು ಮಾತ್ರ ಮರೆಯಬಾರದು. ಬರೀ ನೀರು ಕುಡಿಸಿದರೆ ಸಾಲದು. ಸಣ್ಣ ಮಗು ಸೋತು ಮಲಗಿದರೆ, ಉಚ್ಚೆ ಹೊಯ್ಯದಿದ್ದರೆ, ಗಂಜಿ ನಂಬಿ ಕೂರದೆ ಆಸ್ಪತ್ರೆಗೆ ಓಡಬೇಕು.

ಕೊನೆಗೆ ನಿಜವಾದ ಉಪವಾಸದ ಮಾತು. ನನ್ನ ತವರು ಶಿರಸಿ ಕಡೆ. ಅಜ್ಜಿ ಪ್ರತಿ ಏಕಾದಶಿಗೆ ಒಪ್ಪತ್ತು ಮಾಡುತ್ತಿದ್ದಳು. ಮಧ್ಯಾಹ್ನ ಅವಲಕ್ಕಿ, ಒಂದು ಲೋಟ ಮಜ್ಜಿಗೆ, ಅಷ್ಟೇ. ಹೊಟ್ಟೆಗೂ ಒಂದು ದಿನ ಬಿಡುವು ಬೇಕು ಎಂದು ಅವಳು ಹೇಳುತ್ತಿದ್ದಳು. ಈ ಮಾತನ್ನು ಬೇರೆ ಬೇರೆ ಮನೆಗಳಲ್ಲಿ, ಬೇರೆ ಬೇರೆ ಧರ್ಮದವರ ಬಾಯಲ್ಲಿ ಕೇಳಿದ್ದೇನೆ. ರಂಜಾನ್ ತಿಂಗಳಲ್ಲೇ ಭಟ್ಕಳದ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಮೇಡಂ, ರೋಜಾ ಇದ್ದಾಗ ಜೆಜುನಂಗೆ ಎಂತ ಕೆಲಸ ಇರ್ತದೆ? ಸುಮ್ನೆ ಇರ್ತದಾ?"

ಸುಮ್ಮನೆ ಇರುವುದಿಲ್ಲ. 1969ರಲ್ಲಿ ಶರ್ಝೆವ್ಸ್ಕಿ ಎಂಬ ವಿಜ್ಞಾನಿ, ಹಸಿದ ನಾಯಿಗಳ ಸಣ್ಣ ಕರುಳಿನಲ್ಲಿ ಚಟುವಟಿಕೆಯ ಒಂದು ಅಲೆ ಮೇಲಿನಿಂದ ಕೆಳಗೆ ಸಾಗುವುದನ್ನು ದಾಖಲಿಸಿದರು. ಮನುಷ್ಯರಲ್ಲೂ ಅದು ಇದೆ. ಹೊಟ್ಟೆ ಖಾಲಿ ಇದ್ದಾಗ ಸುಮಾರು ಒಂದೂವರೆಯಿಂದ ಎರಡು ಗಂಟೆಗೊಮ್ಮೆ ಜಠರದ ಕಡೆಯಿಂದ ಅಲೆ ಹೊರಡುತ್ತದೆ. ಡಿಯೋಡಿನಂ ದಾಟಿ, ಜೆಜುನಂ ದಾಟಿ, ಇಲಿಯಂ ತುದಿಯ ಕಡೆಗೆ ಸಾಗುತ್ತದೆ. ಉಳಿದ ನಾರು, ಉದುರಿದ ಜೀವಕೋಶಗಳು, ಜಾಗ ಬಿಟ್ಟು ಮೇಲೆ ಬಂದ ಬ್ಯಾಕ್ಟೀರಿಯಾ, ಎಲ್ಲವನ್ನೂ ದೊಡ್ಡ ಕರುಳಿನ ಕಡೆ ತಳ್ಳುತ್ತದೆ. ಬೆಳಿಗ್ಗೆ ಎದ್ದು ಅಂಗಳ ಗುಡಿಸಿದ ಹಾಗೆ. ಹಸಿದಾಗ ಹೊಟ್ಟೆ ಗುರ್ ಗುರ್ ಅನ್ನುತ್ತದಲ್ಲ, ಆ ಸದ್ದಿನಲ್ಲಿ ಈ ಅಲೆಯ ಪಾಲು ದೊಡ್ಡದು. ಒಳಗಿನ ಗಾಳಿಯೂ ನೀರೂ ತಳ್ಳಿಸಿಕೊಂಡು ಹೋಗುವ ಸದ್ದು ಅದು.

ಊಟ ಹೊಟ್ಟೆಗೆ ಬೀಳುತ್ತಿದ್ದ ಹಾಗೆ ಈ ಅಲೆ ನಿಲ್ಲುತ್ತದೆ. ಆಗ ಕರುಳು ಬೇರೆ ರೀತಿ ಚಲಿಸುತ್ತದೆ, ಕಲಸುತ್ತದೆ, ಹಿಂದೆ ಮುಂದೆ ಮಾಡುತ್ತದೆ. ದಿನವಿಡೀ ಏನಾದರೂ ಬಾಯಾಡಿಸುತ್ತಲೇ ಇದ್ದರೆ ಗುಡಿಸುವ ಅಲೆಗೆ ಹೊತ್ತು ಸಿಗುವುದು ರಾತ್ರಿ ಮಾತ್ರ. ಅಜ್ಜಿ ಹೇಳಿದ ಬಿಡುವು ಹೊಟ್ಟೆಗೆ ನಿದ್ದೆಯಲ್ಲ, ಇನ್ನೊಂದು ಕೆಲಸಕ್ಕೆ ಸಿಗುವ ಸಮಯ. ಹಾಗಂತ ಉಪವಾಸದಿಂದ ಎಲ್ಲ ರೋಗ ಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಮೊಬೈಲಿನಲ್ಲಿ ಬರುವ ಅಂಥ ಮಾತುಗಳನ್ನು ನಂಬಿ ಸಕ್ಕರೆ ಕಾಯಿಲೆಯವರು ಮಾತ್ರೆ ನುಂಗಿ ಊಟ ಬಿಡುವುದು ಅಪಾಯ. ಇದನ್ನೂ ಅವತ್ತೇ ತರಗತಿಯಲ್ಲಿ ಹೇಳಿದೆ.

ಹುಡುಗಿ ಕೂರಲಿಲ್ಲ. "ಹಾಗಾದ್ರೆ ಇಲಿಯಂ ಅಂದ್ರೆ ಎಂತ ಮೇಡಂ?" ಅಂದಳು. ಗ್ರೀಕ್‌ನಲ್ಲಿ ಸುತ್ತು, ಸುರುಳಿ ಎಂಬ ಅರ್ಥ ಬರುವ ಪದದಿಂದ ಬಂದದ್ದು ಅಂದೆ. ಬಿ12 ಜೀವಸತ್ವವನ್ನು ಹೀರಿಕೊಳ್ಳುವುದು ಅದರ ಕೊನೆಯ ಭಾಗವೇ. ಹಿಂದಿನ ಬೆಂಚಿನಿಂದ ಇನ್ನೊಬ್ಬ, "ಪ್ಯಾಂಕ್ರಿಯಾಸ್?" ಅಂದ. ಅದು ಮೇದೋಜೀರಕದ ಹೆಸರು. ಪೂರ್ತಿ ಮಾಂಸ ಅಂತ ಅರ್ಥ, ಅದರಲ್ಲಿ ಎಲುಬೂ ಇಲ್ಲ, ಮೃದ್ವಸ್ಥಿಯೂ ಇಲ್ಲ. "ಪೈಲೋರಸ್?" ಜಠರ ಮುಗಿಯುವ ತುದಿ ಅದು, ಅರ್ಥ ಬಾಗಿಲು ಕಾಯುವವನು. ಗಂಟೆ ಹೊಡೆದ ಮೇಲೂ ಮೂವರು ಮೇಜಿನ ಹತ್ತಿರ ನಿಂತು, ಪಾಠದ ಪುಟ ತಿರುಗಿಸುತ್ತಾ ಒಂದೊಂದೇ ಹೆಸರು ಕೇಳುತ್ತಿದ್ದರು.